ಮೊದಲು ರೊಟ್ಟಿ ನೋಡಿ: ಬಡಾವಣೆಯ ಟಾಕೇರಿಯಾದಲ್ಲಿ ಊಟ ಮಾಡುವ ಕ್ರಮ

ಅಮೆರಿಕದ ಪಶ್ಚಿಮ ಕರಾವಳಿಗೆ ಕೆಲಸಕ್ಕೆಂದು ಬಂದ ಕನ್ನಡಿಗರಲ್ಲಿ ಹಲವರು ಮೆಕ್ಸಿಕನ್ ಊಟವನ್ನು ಮೊದಲು ಕಾಣುವುದು ಕಚೇರಿಯ ಆಸುಪಾಸಿನ ಯಾವುದಾದರೂ ಸರಣಿ ಹೋಟೆಲಿನಲ್ಲಿ. ಗಾಜಿನ ಆಚೆ ಸಾಲಾಗಿಟ್ಟ ಪಾತ್ರೆಗಳನ್ನು ಬೆರಳಿನಿಂದ ತೋರಿಸುತ್ತ ಹೋದರೆ ಅನ್ನ, ಕಾಳು, ಹುರಿದ ದೊಣ್ಣೆಮೆಣಸಿನಕಾಯಿ, ತುರಿದ ಚೀಸ್ ಎಲ್ಲವೂ ಒಂದೇ ಬಟ್ಟಲಿಗೆ ಬೀಳುತ್ತವೆ. ಹಸಿದ ಹೊಟ್ಟೆಗೆ ಅದೇನೂ ಕೆಟ್ಟ ಊಟವಲ್ಲ. ಆದರೆ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್, ಓಕ್ಲೆಂಡಿನ ಫ್ರೂಟ್‌ವೇಲ್ ಅಥವಾ ಸ್ಯಾನ್ ಹೋಸೆಯ ಪೂರ್ವ ಭಾಗದಲ್ಲಿ ನೆಲೆಸಿರುವ ಮೆಕ್ಸಿಕನ್ ಕುಟುಂಬಗಳು ಭಾನುವಾರ ಮಕ್ಕಳು ಮರಿಗಳೊಂದಿಗೆ ಕುಳಿತು ತಿನ್ನುವ ಊಟ ಅದಲ್ಲ. ಆ ಊಟವನ್ನು ಹುಡುಕಿಕೊಂಡು ಹೋಗುವವರಿಗೆ, ಅದರಲ್ಲೂ ಮಾಂಸ ತಿನ್ನದವರಿಗೂ ದನದ ಮಾಂಸವನ್ನು ಮಾತ್ರ ಬಿಟ್ಟವರಿಗೂ, ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಅಂಥ ಊಟ ಸಿಗುವ ಟಾಕೇರಿಯಾವನ್ನು, ಅಂದರೆ ಸಣ್ಣ ರೊಟ್ಟಿಯ ಮೇಲೆ ಮಾಂಸವನ್ನೋ ಪಲ್ಯವನ್ನೋ ಇಟ್ಟು ಮಡಿಸಿ ತಿನ್ನುವ ಟಾಕೊದ ಹೋಟೆಲನ್ನು, ಗುರುತಿಸುವುದು ಕಷ್ಟವಲ್ಲ. ಮಿಷನ್ ಬಡಾವಣೆಯ 24ನೇ ರಸ್ತೆಯಲ್ಲಿ ಒಮ್ಮೆ ನಡೆದರೆ ಸಾಕು. 2014ರಲ್ಲಿ ನಗರಾಡಳಿತವು ಲ್ಯಾಟಿನೋ ಸಾಂಸ್ಕೃತಿಕ ವಲಯವೆಂದು ಘೋಷಿಸಿದ ಆ ರಸ್ತೆಯಲ್ಲಿ 1953ರಿಂದ ಮೆಕ್ಕೆಜೋಳದ ಹಿಟ್ಟು ಮತ್ತು ರೊಟ್ಟಿಗಳನ್ನು ಮಾಡಿ ಮಾರುತ್ತಿರುವ ಲಾ ಪಾಲ್ಮಾ ಎಂಬ ಅಂಗಡಿ ಇದೆ. ಗೋಡೆಯ ಮೇಲಿನ ದೊಡ್ಡ ಟೋಪಿಗಳನ್ನೂ ಬಣ್ಣದ ಕಾಗದದ ತೋರಣಗಳನ್ನೂ ನಂಬಬೇಡಿ, ಫಲಕವನ್ನು ಓದಿ. ಮಿಚೋಅಕಾನ್, ಹಲೀಸ್ಕೊ, ಒಆಹಾಕಾ ಎಂದು ಯಾವುದಾದರೂ ಒಂದು ರಾಜ್ಯದ ಹೆಸರು ಅಲ್ಲಿದ್ದರೆ ಒಳ್ಳೆಯ ಲಕ್ಷಣ, ಏಕೆಂದರೆ ಮೆಕ್ಸಿಕೋದ ಅಡುಗೆ ಒಂದಲ್ಲ. ಉಡುಪಿಯ ಊಟಕ್ಕೂ ಕಲಬುರಗಿಯ ಊಟಕ್ಕೂ ಇರುವಷ್ಟೇ ಅಂತರ ಅಲ್ಲಿನ ಪ್ರಾಂತಗಳ ನಡುವೆಯೂ ಇದೆ. ಕೆಲವು ತಿನಿಸುಗಳ ಮುಂದೆ ‘ಶನಿವಾರ ಮತ್ತು ಭಾನುವಾರ ಮಾತ್ರ’ ಎಂದು ಕೈಬರಹದಲ್ಲಿ ಬರೆದು ಅಂಟಿಸಿದ್ದರೆ ಇನ್ನೂ ಒಳ್ಳೆಯದು.

‘ಅಸಲಿ’ ಎಂಬ ಮಾತನ್ನು ಮಾತ್ರ ತುಸು ಸಡಿಲವಾಗಿ ಹಿಡಿಯಬೇಕೆಂದು ನನ್ನ ಅಭಿಪ್ರಾಯ. ಗರಿಗರಿಯಾಗಿ ಕರಿದ, ದೋಣಿಯಾಕಾರದ ಟಾಕೊ ಚಿಪ್ಪು ಮತ್ತು ಹಳದಿ ಚೀಸ್ ಕಂಡೊಡನೆ ಮೂಗು ಮುರಿಯುವವರಿದ್ದಾರೆ. ಆದರೆ ಟೆಕ್ಸ್-ಮೆಕ್ಸ್ ಎಂದು ಕರೆಯುವ ಆ ಅಡುಗೆ ಟೆಕ್ಸಾಸಿನಲ್ಲಿ ತಲೆಮಾರುಗಳಿಂದ ಬಾಳಿದ ಮೆಕ್ಸಿಕನ್ನರದ್ದೇ. ಕರಿದ ರೊಟ್ಟಿಚೂರುಗಳ ಮೇಲೆ ಚೀಸ್ ಕರಗಿಸಿದ ನಾಚೋಸ್ ಹುಟ್ಟಿದ್ದು 1940ರ ದಶಕದ ಆರಂಭದಲ್ಲಿ, ಗಡಿಯಂಚಿನ ಪಿಯೇದ್ರಾಸ್ ನೇಗ್ರಾಸ್ ಎಂಬ ಮೆಕ್ಸಿಕೋದ ಊರಿನಲ್ಲೇ. ಗೋಧಿಯ ರೊಟ್ಟಿಯಲ್ಲಿ ಅನ್ನ ತುಂಬಿ ಸುತ್ತಿದ, ತೋಳಿನಷ್ಟು ದಪ್ಪನಾದ ಬುರೀಟೊ 1960ರ ದಶಕದಲ್ಲಿ ಇದೇ ಮಿಷನ್ ಬಡಾವಣೆಯಲ್ಲಿ ರೂಪುಗೊಂಡಿತು. ಮೆಕ್ಸಿಕೋದಿಂದ ಹೊಸದಾಗಿ ಬಂದವರಿಗೆ ಅದು ನಮ್ಮಷ್ಟೇ ಹೊಸದು.

ಒಳಗೆ ಕಾಲಿಟ್ಟ ಮೇಲೆ ಮೊದಲು ಗಮನಿಸಬೇಕಾದುದು ರೊಟ್ಟಿಯನ್ನು. ಅಲ್ಲಿ ಅದನ್ನು ಟೋರ್ಟಿಯಾ ಎನ್ನುತ್ತಾರೆ. ಹೊಸಬರು ಮಾಂಸ ಯಾವುದು, ಪಲ್ಯ ಯಾವುದು ಎಂದು ಕೇಳುತ್ತ ನಿಲ್ಲುತ್ತಾರೆ. ಬಲ್ಲವರು ಹೆಂಚಿನ ಕಡೆ ಕಣ್ಣು ಹಾಯಿಸುತ್ತಾರೆ. ನಮ್ಮ ಕಡೆ ಮುದ್ದೆ ಹದವಾಗಿಲ್ಲದಿದ್ದರೆ ಸಾರು ಎಷ್ಟು ಚೆನ್ನಾಗಿದ್ದರೂ ಊಟ ಕೆಟ್ಟಿತೆಂದೇ ಲೆಕ್ಕವಲ್ಲವೇ, ಇಲ್ಲಿಯೂ ಹಾಗೆಯೇ. ಟೋರ್ಟಿಯಾದ ಹಿಂದಿರುವ ಕೆಲಸವು ಮೆಕ್ಕೆಜೋಳವನ್ನು ಒಣಗಿಸಿ ಬೀಸುವಷ್ಟು ಸರಳವಾದುದಲ್ಲ. ಕಾಳನ್ನು ಸುಣ್ಣ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಕುದಿಸಿ, ಅದೇ ನೀರಿನಲ್ಲಿ ರಾತ್ರಿಯೆಲ್ಲ ನೆನೆಯಲು ಬಿಟ್ಟು, ಬೆಳಗ್ಗೆ ಸಡಿಲವಾದ ಸಿಪ್ಪೆಯನ್ನು ತೊಳೆದು ತೆಗೆದು, ಹಸಿಯಾಗಿರುವಾಗಲೇ ಕಲ್ಲಿನಲ್ಲಿ ಅರೆಯುತ್ತಾರೆ. ಸುಣ್ಣ ಹಾಕಿ ಬೇಯಿಸಿದ ಆ ಕಾಳಿಗೆ ನಿಷ್ಟಮಾಲ್ ಎಂದೂ ಅರೆದ ಹಿಟ್ಟಿಗೆ ಮಾಸಾ ಎಂದೂ ಹೆಸರು. ನಿಷ್ಟಮಾಲ್ ಎಂಬುದು ಅಸ್ಟೆಕರ ನಾವಾಟಲ್ ಭಾಷೆಯ ಪದ. ಚಿಲಿ, ಟೊಮೆಟೊ, ಅವೊಕಾಡೊ, ಚಾಕೊಲೇಟ್ ಎಂಬ ಮಾತುಗಳು ನಮ್ಮವರೆಗೆ ಹರಿದುಬಂದದ್ದೂ ಅದೇ ಭಾಷೆಯಿಂದ.

ಸುಣ್ಣದ ಕೆಲಸವು ಸಿಪ್ಪೆ ಬಿಡಿಸುವುದಕ್ಕೆ ಮುಗಿಯುವುದಿಲ್ಲ. ಬರಿಯ ಮೆಕ್ಕೆಜೋಳದ ಹಿಟ್ಟಿಗೆ ಅಂಟಿಲ್ಲವಾದ್ದರಿಂದ ತೆಳ್ಳಗೆ ಒತ್ತಿದರೆ ಅಂಚು ಒಡೆಯುತ್ತದೆ. ಸುಣ್ಣದಲ್ಲಿ ಬೆಂದ ಕಾಳಿನ ಹಿಟ್ಟು ಕೂಡಿಕೊಂಡು ನಿಲ್ಲುತ್ತದೆ. ಕಾಳಿನೊಳಗೆ ಬಂಧಿಯಾಗಿರುವ ನಯಾಸಿನ್ ಎಂಬ ಬಿ ಜೀವಸತ್ವವು ಮೈಗೆ ಹತ್ತುವಂತಾಗುವುದೂ ಈ ಕ್ರಮದಿಂದಲೇ. ಮೆಕ್ಕೆಜೋಳವನ್ನು ಮಾತ್ರ ಕೊಂಡೊಯ್ದು ಸುಣ್ಣದ ಪಾಠವನ್ನು ಬಿಟ್ಟುಹೋದ ಯುರೋಪಿನ ಬಡ ರೈತರಲ್ಲಿಯೂ, ಮುಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿಯೂ ನಯಾಸಿನ್ ಕೊರತೆಯಿಂದ ಬರುವ ಪೆಲ್ಲಾಗ್ರಾ ರೋಗ ಹರಡಿದ್ದರ ಹಿಂದಿನ ಮುಖ್ಯ ಕಾರಣ ಇದು. ವೀಳ್ಯದೆಲೆಗೆ ಸುಣ್ಣ ಹಚ್ಚುವ ನಾವು ಧಾನ್ಯಕ್ಕೂ ಸುಣ್ಣ ಹಾಕಬಹುದೆಂದು ಯೋಚಿಸಿರಲಿಲ್ಲ ಎಂಬುದು ನನಗೆ ಈಗಲೂ ಸೋಜಿಗ.

ಒಳ್ಳೆಯ ಟೋರ್ಟಿಯಾವನ್ನು ಕೈಯಲ್ಲಿ ಹಿಡಿದು ತಿಳಿಯಬಹುದು. ಮಡಿಸಿದರೆ ಬಿರುಕು ಬಿಡಬಾರದು. ಮುಖದ ಮೇಲೆ ಅಲ್ಲಲ್ಲಿ ಕಂದು ಚುಕ್ಕೆಗಳಿರಬೇಕು. ಮೂಗಿನ ಹತ್ತಿರ ಹಿಡಿದರೆ ಬೆಂದ ಮೆಕ್ಕೆಜೋಳದ ಜೊತೆಗೆ ಮಳೆ ಬಿದ್ದ ಮಣ್ಣಿನಂಥ ಒಂದು ಸಣ್ಣ ವಾಸನೆ ಬರಬೇಕು. ಅದೇ ಸುಣ್ಣದ ಗುರುತು. ಅನೇಕ ಹೋಟೆಲುಗಳು ಮಸೇಕಾದಂಥ ಪೊಟ್ಟಣದ ಹಿಟ್ಟನ್ನು ಬಳಸುತ್ತವೆ. ಅದೂ ಸುಣ್ಣದಲ್ಲಿ ಬೇಯಿಸಿ ಒಣಗಿಸಿದ ಹಿಟ್ಟೇ ಆದ್ದರಿಂದ, ಕಣ್ಣೆದುರು ಒತ್ತಿ ಬಿಸಿಬಿಸಿಯಾಗಿ ಕೊಡುವುದಾದರೆ ದೂರುವ ಕಾರಣವಿಲ್ಲ. ಕಾರ್ಖಾನೆಯ ರೊಟ್ಟಿಯನ್ನು ಬಿಸಿ ಮಾಡಿ ಕೊಡುವಲ್ಲಿ ಟಾಕೊ ಬಿಟ್ಟು ಬೇರೆ ಏನಾದರೂ ಹೇಳುವುದು ಮೇಲು.

ಇನ್ನು ಹೇಳುವ ಕ್ರಮ. ಹೆಚ್ಚಿನ ಟಾಕೇರಿಯಾಗಳಲ್ಲಿ ಕಟ್ಟೆಯ ಮುಂದೆ ನಿಂತು ಹೇಳಿ, ಚೀಟಿ ಪಡೆದು, ಸಂಖ್ಯೆ ಕೂಗಿದಾಗ ತಟ್ಟೆ ತಂದುಕೊಳ್ಳಬೇಕು. ದರ್ಶಿನಿಯಲ್ಲಿ ತಿಂದು ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲು ‘ಬ್ವೇನಸ್ ತಾರ್ದೆಸ್’ ಎಂದು ವಂದಿಸಿ, ಆಮೇಲೆ ಬೇಕಾದುದನ್ನು ಹೇಳಿ. ವಂದನೆಯಿಲ್ಲದೆ ನೇರವಾಗಿ ತಿಂಡಿಯ ಹೆಸರು ಒದರುವುದು ಅವರಲ್ಲಿ ಒರಟುತನ. ಉಚ್ಚಾರಣೆಯಲ್ಲಿ ಎರಡು ಸಂಗತಿ ತಿಳಿದಿದ್ದರೆ ಅರ್ಧ ಕೆಲಸ ಆದಂತೆ: ಎರಡು ಎಲ್ ಅಕ್ಷರ ಜೊತೆಯಾಗಿ ಬಂದರೆ ‘ಯ’, ಜೆ ಬಂದರೆ ‘ಹ’. ಹಾಗಾಗಿ ಕೋಳಿ ಪೋಯೊ ಆಗುತ್ತದೆ, ಮೆಣಸಿನಕಾಯಿ ಹಲಪೇನ್ಯೊ ಆಗುತ್ತದೆ. ‘ದೋಸ್ ದೆ ಪೋಯೊ, ಕೋನ್ ತೋದೊ, ಪೊರ್ ಫವೋರ್’ ಎಂದರೆ ‘ಕೋಳಿಯದು ಎರಡು, ಎಲ್ಲ ಹಾಕಿ, ದಯವಿಟ್ಟು’ ಎಂದಾಯಿತು. ಆ ‘ಎಲ್ಲ’ ಎಂದರೆ ಸಾಮಾನ್ಯವಾಗಿ ಹೆಚ್ಚಿದ ಈರುಳ್ಳಿ ಮತ್ತು ಕೊತ್ತಂಬರಿ ಸೊಪ್ಪು. ‘ಪಾರಾ ಆಕಿ ಓ ಪಾರಾ ಯೆವಾರ್’ ಎಂದು ಅವರು ಕೇಳಿದರೆ, ಇಲ್ಲೇ ತಿನ್ನುತ್ತೀರೋ ಕಟ್ಟಿಕೊಡಬೇಕೋ ಎಂದು ಅರ್ಥ. ಟಾಕೊವನ್ನು ಎಂದೂ ಕಟ್ಟಿಸಿಕೊಳ್ಳಬೇಡಿ. ಹತ್ತು ನಿಮಿಷದ ದಾರಿಯಲ್ಲಿ ಅದು ಮೆತ್ತಗಾಗಿ ಹರಿದುಹೋಗುತ್ತದೆ.

ಒಂದೇ ಸಲಕ್ಕೆ ಐದು ಟಾಕೊ ಹೇಳುವುದು ಹೊಸಬರು ಮಾಡುವ ತಪ್ಪು. ಅಂಗೈಯಗಲದ ರೊಟ್ಟಿ ಆರುವುದಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ. ಎರಡು ಹೇಳಿ, ತಿಂದು, ಮತ್ತೆ ಹೋಗಿ ಬೇರೆ ಎರಡು ಹೇಳುವುದೇ ರೂಢಿ, ಅದಕ್ಕೆ ಯಾರೂ ಬೇಸರಿಸುವುದಿಲ್ಲ.

ಮಾಂಸಾಹಾರಿಗಳಿಗೆ ಹೆಸರುಗಳು ಗೊತ್ತಿರಬೇಕು, ಏಕೆಂದರೆ ಫಲಕದಲ್ಲಿ ಪ್ರಾಣಿಯ ಹೆಸರಿಗಿಂತ ಅಡುಗೆಯ ಹೆಸರೇ ಹೆಚ್ಚಾಗಿ ಇರುತ್ತದೆ. ಕಾರ್ನೆ ಅಸಾದಾ ಮತ್ತು ಸ್ವಾದೇರೊ ದನದ ಮಾಂಸ. ಲೆಂಗ್ವಾ ಎಂದರೆ ನಾಲಿಗೆ, ಕಬೇಸಾ ಎಂದರೆ ತಲೆಮಾಂಸ, ಇವೂ ಸಾಮಾನ್ಯವಾಗಿ ದನದವು. ಕಾರ್ನಿತಾಸ್, ಚೊರೀಸೊ, ಕೊಚಿನೀತಾ ಮತ್ತು ಅಲ್ ಪಸ್ತೋರ್ ಹಂದಿ ಮಾಂಸ. ಅಲ್ ಪಸ್ತೋರ್ ಕಂಡಾಗ ಶವರ್ಮಾ ನೆನಪಾದರೆ ಅದು ತಪ್ಪಲ್ಲ: ಲೆಬನಾನಿನಿಂದ ಮೆಕ್ಸಿಕೋಗೆ ವಲಸೆ ಹೋದವರು ನಿಲುಗಂಬಿಗೆ ಮಾಂಸ ಪೋಣಿಸಿ ಸುಡುವ ಕಲೆಯನ್ನು ಒಯ್ದರು, ಅಲ್ಲಿ ಕುರಿಯ ಜಾಗಕ್ಕೆ ಹಂದಿಯೂ ಮೇಲೆ ಒಂದು ಅನಾನಸೂ ಬಂದವು. ಬಿರಿಯಾ ಎಂಬುದು ಹಲೀಸ್ಕೊ ರಾಜ್ಯದಲ್ಲಿ ಮೇಕೆಯ ಸಾರು. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಬಹುಮಟ್ಟಿಗೆ ದನದ ಮಾಂಸದಿಂದ ಮಾಡುತ್ತಾರೆ. ಆದ್ದರಿಂದ ‘ಎಸ್ ದೆ ಚೀವೊ ಓ ದೆ ರೆಸ್?’, ಅಂದರೆ ಮೇಕೆಯದೋ ದನದ್ದೋ ಎಂದು ಕೇಳಿಯೇ ಹೇಳಬೇಕು. ನಿಧಾನವಾಗಿ ಬೇಯಿಸಿದ ಮಾಂಸವಾದ ಬಾರ್ಬಕೋವಾದ ವಿಷಯದಲ್ಲೂ ಇದೇ ಎಚ್ಚರ ಬೇಕು.

ಸಸ್ಯಾಹಾರಿಗಳ ಕಷ್ಟ ಇದಕ್ಕಿಂತ ಸೂಕ್ಷ್ಮವಾದುದು. ಅದನ್ನು ನಾನು ಕಲಿತದ್ದು ತಾಯಿಯನ್ನು ಕರೆದುಕೊಂಡು ಹೋದ ದಿನ. ಮಾಂಸವಿಲ್ಲದ ಬುರೀಟೊ ಎಂದು ಫಲಕದಲ್ಲಿ ಬರೆದದ್ದನ್ನು ನೋಡಿಯೇ ತರಿಸಿದ್ದೆ. ಅಮ್ಮ ಎರಡು ತುತ್ತು ತಿಂದು, ಮೂರನೆಯದನ್ನು ಕೈಯಲ್ಲೇ ಹಿಡಿದು, ‘ಕಾಳಿನಲ್ಲಿ ಏನೋ ವಾಸನೆ ಇದೆಯಲ್ಲೋ’ ಎಂದರು. ಕಟ್ಟೆಯ ಹಿಂದಿದ್ದ ಹೆಂಗಸನ್ನು ಹೋಗಿ ಕೇಳಿದೆ. ಆಕೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಅಂಗುಲದ ಅಂತರ ತೋರಿಸಿ, ಮಾಂತೇಕಾ ಇಷ್ಟೇ ಇಷ್ಟು ಎಂದು ನಕ್ಕರು. ಮಾಂತೇಕಾ ಎಂದರೆ ಹಂದಿಕೊಬ್ಬು. ಅಮ್ಮ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿ ಕೈ ತೊಳೆಯಲು ಎದ್ದರು. ಆ ಹೆಂಗಸಿನದು ತಪ್ಪೆಂದು ನನಗೆ ಅನ್ನಿಸಲಿಲ್ಲ. ಮಾಂಸದ ತುಂಡು ಇರಲಿಲ್ಲ ಎಂಬುದು ನಿಜವೇ. ಅವರ ಮಾತಿನಲ್ಲಿ ‘ಕಾರ್ನೆ’ ಎಂದರೆ ಮಾಂಸ, ಅದರಲ್ಲೂ ಮುಖ್ಯವಾಗಿ ದನದ ಮಾಂಸ. ‘ಸಿನ್ ಕಾರ್ನೆ’, ಅಂದರೆ ಮಾಂಸವಿಲ್ಲದೆ, ಎಂದವರಿಗೆ ಕೋಳಿ ಬಡಿಸಿದ ಪ್ರಸಂಗಗಳೂ ಇವೆ.

ಆದ್ದರಿಂದ ಕೇಳಬೇಕಾದುದು ಪ್ರತಿಯೊಂದು ಪದಾರ್ಥದ ಬಗ್ಗೆ, ಬಿಡಿಸಿ ಬಿಡಿಸಿ. ಬೇಯಿಸಿ ಮಸೆದು ಹುರಿದ ಕಾಳಿಗೆ, ಅಂದರೆ ಫ್ರಿಹೋಲೆಸ್ ರೆಫ್ರೀತೊಸ್‌ಗೆ, ಹಂದಿಕೊಬ್ಬು ಹಾಕುವುದು ಪದ್ಧತಿ, ‘ಯೇವಾ ಮಾಂತೇಕಾ?’ ಎಂದು ಕೇಳಿ. ಕೆಂಪು ಬಣ್ಣದ ಅನ್ನವನ್ನು ಟೊಮೆಟೊ ಜೊತೆಗೆ ಕೋಳಿಯ ರಸದಲ್ಲೋ ಕೋಳಿರಸದ ಪುಡಿ ಹಾಕಿದ ನೀರಿನಲ್ಲೋ ಬೇಯಿಸುವುದುಂಟು. ಆ ಕೋಳಿರಸಕ್ಕೆ ‘ಕಾಲ್ದೊ ದೆ ಪೋಯೊ’ ಎಂದು ಹೆಸರು. ಚಾರ್ರೋ ಕಾಳಿನಲ್ಲಿ ಹಂದಿ ಮಾಂಸದ ಚೂರುಗಳೇ ಇರುತ್ತವೆ. ಬುರೀಟೊಗೆ ಬಳಸುವ ಗೋಧಿಯ ಟೋರ್ಟಿಯಾದಲ್ಲಿ ಹಿಂದಿನ ಕಾಲದಿಂದಲೂ ಕೊಬ್ಬು ಬೆರೆಸುತ್ತಾರೆ, ಮೆಕ್ಕೆಜೋಳದ್ದರಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳ, ನೀರು, ಸುಣ್ಣ ಬಿಟ್ಟರೆ ಬೇರೇನೂ ಇಲ್ಲ. ಮೆಕ್ಕೆಜೋಳದ ತೆನೆಯ ಮುಸುಕಿನಲ್ಲಿ ಸುತ್ತಿ ಬೇಯಿಸುವ, ಚೀಸ್ ತುಂಬಿದ ತಮಾಲೆ ಎಂಬ ಕಡುಬು ಸಸ್ಯಾಹಾರವೆಂದು ತೋರಿದರೂ ಅದರ ಹಿಟ್ಟಿಗೆ ಕೊಬ್ಬು ಕಲಸಿರುತ್ತಾರೆ. ಚಿಲೆ ರೆಯೇನೊ ಎಂಬ ತುಂಬು ಮೆಣಸಿನಕಾಯಿಗೆ ಮೊಟ್ಟೆಯ ಲೇಪವಿರುತ್ತದೆ. ಮೋಲೆ ಎಂಬ ಕಪ್ಪು ಗೊಜ್ಜು ಎಳ್ಳು, ಒಣಮೆಣಸಿನಕಾಯಿ, ಕಡಲೆಕಾಯಿ, ಚಾಕೊಲೇಟ್ ಸೇರಿ ಹತ್ತಿಪ್ಪತ್ತು ಪದಾರ್ಥಗಳದ್ದಾದರೂ ಅದನ್ನು ತೆಳುವಾಗಿಸುವುದು ಬಹುತೇಕ ಕೋಳಿಯ ರಸದಿಂದಲೇ.

ಇಷ್ಟನ್ನು ಕೇಳಿ ಏನೂ ಉಳಿಯಲಿಲ್ಲವೆಂದು ಹೆದರಬೇಕಾಗಿಲ್ಲ, ಏಕೆಂದರೆ ಸ್ಪೇನಿನವರು ದನ, ಹಂದಿ, ಕೋಳಿಗಳನ್ನು ತರುವ ಮೊದಲು ಆ ನೆಲದ ಜನ ಬಹುಪಾಲು ಮೆಕ್ಕೆಜೋಳ, ಕಾಳು, ಕುಂಬಳ, ಮೆಣಸಿನಕಾಯಿಗಳಿಂದಲೇ ಬದುಕಿದ್ದರು, ಆ ಅಡುಗೆ ಇನ್ನೂ ಉಳಿದಿದೆ. ನೊಪಾಲೆಸ್ ಎಂದರೆ ಮುಳ್ಳು ತೆಗೆದು ಹೆಚ್ಚಿದ ಪಾಪಸುಕಳ್ಳಿಯ ಎಳೆಯ ಪಟ್ಟೆ. ಬೆಂಡೆಕಾಯಿಯಂತೆ ಲೋಳೆಯುಳ್ಳದ್ದು, ತುಸು ಹುಳಿ. ನಮ್ಮೂರಿನ ಬೇಲಿಗಳಲ್ಲಿ ಬೆಳೆದ ಆ ಕಳ್ಳಿಯೂ ಮೂಲತಃ ಅಮೆರಿಕ ಖಂಡದಿಂದಲೇ ಬಂದದ್ದು. ರಾಹಾಸ್ ಎಂದರೆ ಸುಟ್ಟು ಸಿಪ್ಪೆ ತೆಗೆದು ಉದ್ದುದ್ದ ಸೀಳಿದ ಪೊಬ್ಲಾನೊ ಮೆಣಸಿನಕಾಯಿ, ಹಾಲಿನ ಕೆನೆಯೊಂದಿಗೆ. ವಿಟ್ಲಕೋಚೆ ಎಂಬುದು ಮೆಕ್ಕೆಜೋಳದ ತೆನೆಗೆ ಹತ್ತುವ ಕಪ್ಪು ಶಿಲೀಂಧ್ರ. ನೋಡಲು ಸುಂದರವಲ್ಲ, ರುಚಿ ಅಣಬೆಯದು. ಕುಂಬಳದ ಹೂವನ್ನು ಚೀಸ್ ಜೊತೆಗೆ ಟೋರ್ಟಿಯಾದಲ್ಲಿ ಮಡಿಸಿ ಸುಟ್ಟ ಕೆಸದೀಯಾ ಸಿಕ್ಕರೆ ಬೇರೆ ಯೋಚಿಸಬೇಡಿ. ಅಂದು ಆ ಹೆಂಗಸು ಅಮ್ಮನಿಗೆಂದು ಹೆಂಚಿನ ಒಂದು ಮೂಲೆಯನ್ನು ಉಜ್ಜಿ ಒರೆಸಿ ಮಾಡಿಕೊಟ್ಟದ್ದು ಅದನ್ನೇ. ಒಂದೇ ಹೆಂಚಿನಲ್ಲಿ ಮಾಂಸವೂ ಬೇಯುತ್ತದೆಂಬುದು ಮನಸ್ಸಿಗೆ ಒಗ್ಗದವರು ಮಾತ್ರ ಅದನ್ನೂ ಮೊದಲೇ ಕೇಳಬೇಕು. ಚೀಸ್‌ನಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಪ್ರಾಣಿಮೂಲದ ರೆನೆಟ್ ಇರಬಹುದೆಂಬುದನ್ನು ಕಟ್ಟುನಿಟ್ಟಿನವರು ನೆನಪಿನಲ್ಲಿಡಬೇಕು.

ಚಟ್ನಿಯಂಥ ಸಾಲ್ಸಾಗಳ ಮುಂದೆ ಕನ್ನಡಿಗರು ಸ್ವಲ್ಪ ಜಂಬ ತೋರಿಸುವುದನ್ನು ಕಂಡಿದ್ದೇನೆ. ಖಾರ ತಿಂದು ಬೆಳೆದವರೆಂಬ ಧೈರ್ಯ ಹಲಪೇನ್ಯೊದವರೆಗೆ ಸಲ್ಲುತ್ತದೆ. ಸ್ಕೋವಿಲ್ ಮಾನದಲ್ಲಿ ಅದರ ಖಾರ 2,500ರಿಂದ 8,000 ಮಾತ್ರ. ಮೂಲೆಯ ಬಟ್ಟಲಿನಲ್ಲಿರುವ ಕಿತ್ತಳೆ ಬಣ್ಣದ ಹಬನೇರೊ ಸಾಲ್ಸಾದ್ದು ಬೇರೆ ಮಾತು, ಆ ಕಾಯಿಯ ಖಾರ 1,00,000 ದಾಟುತ್ತದೆ. ಚಮಚದ ತುದಿಯಲ್ಲಿ ಒಂದು ಹನಿ ತೆಗೆದು ನಾಲಿಗೆಗೆ ಮುಟ್ಟಿಸಿ, ಅರ್ಧ ನಿಮಿಷ ಕಾದು, ಆಮೇಲೆ ತಟ್ಟೆಗೆ ಹಾಕಿಕೊಳ್ಳಿ. ಹಸಿರು ಸಾಲ್ಸಾ ತೊಮಾತೀಯೊ ಎಂಬ, ಕಾಗದದಂಥ ಹೊದಿಕೆಯೊಳಗೆ ಬೆಳೆಯುವ ಹುಳಿಕಾಯಿಯದು. ಗ್ವಾಹೀಯೊ ಎಂಬ ಒಣಮೆಣಸಿನಕಾಯಿ ನಮ್ಮ ಬ್ಯಾಡಗಿಯ ಬಂಧುವಿನಂತೆ ಬಣ್ಣ ಹೆಚ್ಚು, ಖಾರ ಕಡಿಮೆ.

ಟಾಕೊವನ್ನು ಕೈಯಿಂದಲೇ ತಿನ್ನಬೇಕು. ಮೊದಲು ನಿಂಬೆ ಹಿಂಡಿ, ಆಮೇಲೆ ಸಾಲ್ಸಾ ಹಾಕಿ, ರೊಟ್ಟಿಯ ಎರಡು ಅಂಚುಗಳನ್ನು ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ಸೇರಿಸಿ ಎತ್ತಿ, ಟಾಕೊವನ್ನು ಓರೆ ಮಾಡುವ ಬದಲು ನಿಮ್ಮ ತಲೆಯನ್ನೇ ಓರೆ ಮಾಡಿ ಕಚ್ಚಿ. ಮೊಣಕೈ ತಟ್ಟೆಯ ಮೇಲೆ ಬಾಗಿರಲಿ, ರಸ ಬಟ್ಟೆಗೆ ಬೀಳುವುದಿಲ್ಲ. ಕೆಳಗೆ ಎರಡು ರೊಟ್ಟಿ ಇಟ್ಟಿರುವುದು ಜಿಪುಣತನವಿಲ್ಲದ ಔದಾರ್ಯ: ಮೇಲಿನದು ನೆನೆದು ಹರಿದರೆ ಕೆಳಗಿನದು ಹಿಡಿಯುತ್ತದೆ, ಉದುರಿದ್ದನ್ನು ಕೂಡಿಸಿಕೊಂಡು ಅದರಲ್ಲಿ ಇನ್ನೊಂದು ಟಾಕೊ ಕಟ್ಟಿಕೊಳ್ಳಬಹುದು. ಪಕ್ಕದಲ್ಲಿಡುವ ಮೂಲಂಗಿ, ಸೌತೆಕಾಯಿಗಳು ಅಲಂಕಾರಕ್ಕಲ್ಲ, ಎರಡು ಟಾಕೊಗಳ ನಡುವೆ ಬಾಯಿ ತಣಿಸಿಕೊಳ್ಳುವುದಕ್ಕೆ. ತಮಾಲೆಯನ್ನು ಮಾತ್ರ ಬಿಚ್ಚಿ ತಿನ್ನಬೇಕು. ಕೊಟ್ಟೆ ಕಡುಬಿನ ಹಲಸಿನೆಲೆಯನ್ನು ಯಾರೂ ತಿನ್ನುವುದಿಲ್ಲವಷ್ಟೆ. 1976ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೋಗೆ ಚುನಾವಣಾ ಪ್ರಚಾರಕ್ಕೆ ಹೋಗಿದ್ದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ತಮಾಲೆಯನ್ನು ಮುಸುಕಿನ ಸಮೇತ ಕಚ್ಚಿದ್ದು ದೊಡ್ಡ ಸುದ್ದಿಯಾಗಿತ್ತು.

ಕುಡಿಯುವುದಕ್ಕೆ ಸೋಡಾ ಬಿಟ್ಟು ದೊಡ್ಡ ಗಾಜಿನ ಜಾಡಿಗಳ ಕಡೆ ನೋಡಿ. ಕಡುಗೆಂಪು ಬಣ್ಣದ ಹಮೈಕಾ ಪಾನಕವು ನಮ್ಮ ಪುಂಡಿ ಸೊಪ್ಪಿನ ಬಳಗದ ಗಿಡದ ಹೂವಿನ ಬುಡದಲ್ಲಿರುವ ಕೆಂಪು ಪುಷ್ಪಪಾತ್ರೆಗಳಿಂದ ಮಾಡಿದ್ದು. ಉತ್ತರ ಕರ್ನಾಟಕದವರಿಗೆ ಆ ಹುಳಿ ಮೊದಲ ಗುಟುಕಿನಲ್ಲೇ ಪರಿಚಯವೆನಿಸುತ್ತದೆ. ಒರ್ಚಾತಾ ಎಂದರೆ ನೆನೆಸಿದ ಅಕ್ಕಿಯನ್ನು ಚಕ್ಕೆಯೊಂದಿಗೆ ಅರೆದು ಸೋಸಿದ ಸಿಹಿ ಹಾಲು. ತಮರಿಂದೊ ಎಂದರೆ ಹುಣಸೆಯ ಪಾನಕ. ಹಳೆಯ ಲೋಕದಿಂದ ಹಡಗೇರಿ ಹೋದ ಆ ಹಣ್ಣಿನ ಹೆಸರಿನಲ್ಲೇ ಅರಬ್ಬೀ ಮಾತಿನ ‘ಹಿಂದ್’ ಉಳಿದುಕೊಂಡಿದೆ.

ಪೊಸೋಲೆ ಎಂಬ ಮೆಕ್ಕೆಜೋಳ ಮತ್ತು ಮಾಂಸದ ಸಾರು, ಮೆನೂದೊ ಎಂಬ ದನದ ಹೊಟ್ಟೆಯ ಸಾರು, ಬಾರ್ಬಕೋವಾ, ಇವು ವಾರಾಂತ್ಯದ ಬೆಳಗಿನವು, ಮಧ್ಯಾಹ್ನದ ಹೊತ್ತಿಗೆ ಮುಗಿದೂ ಹೋಗಬಹುದು. ಕೆಲವು ಕಡೆ ನಗದು ಮಾತ್ರ ತೆಗೆದುಕೊಳ್ಳುತ್ತಾರೆ. ಮೇಜಿಗೆ ತಂದು ಬಡಿಸುವ ಹೋಟೆಲಿನಲ್ಲಿ ಬಿಲ್ಲನ್ನು ಕೇಳದೆ ತರುವುದು ಮೆಕ್ಸಿಕನ್ನರಲ್ಲಿ ಎದ್ದು ಹೋಗೆಂದಂತೆ. ‘ಲಾ ಕ್ವೆಂತಾ, ಪೊರ್ ಫವೋರ್’ ಎಂದು ನೀವೇ ಕೇಳಿ, ಅಮೆರಿಕದ ರೂಢಿಯಂತೆ ಶೇಕಡಾ 15ರಿಂದ 20 ಟಿಪ್ಸ್ ಇಡಿ. ಹೊರಡುವಾಗ ಪಕ್ಕದ ಮೇಜಿನವರು ಊಟ ಮಾಡುತ್ತಿದ್ದರೆ ‘ಪ್ರೊವೇಚೊ’ ಎಂದು ಹೇಳಿ ಹೋಗುವುದು ಅವರ ಸಂಪ್ರದಾಯ, ಗುರುತಿಲ್ಲದವರಿಗೂ ಹೇಳುತ್ತಾರೆ.

ಬಾಗಿಲ ಬಳಿ ಕಾಗದದಲ್ಲಿ ಸುತ್ತಿದ ಟೋರ್ಟಿಯಾಗಳ ಕಟ್ಟು ಮಾರಾಟಕ್ಕಿದ್ದರೆ ಒಂದನ್ನು ಕೊಂಡುಹೋಗಿ. ಮನೆಯಲ್ಲಿ ಎಣ್ಣೆ ಹಾಕದ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಒಂದೊಂದನ್ನೇ ಎರಡೂ ಕಡೆ ಅರ್ಧ ಅರ್ಧ ನಿಮಿಷ ಬಿಸಿ ಮಾಡಿ, ಬಟ್ಟೆಯಲ್ಲಿ ಸುತ್ತಿಟ್ಟರೆ ಮೆತ್ತಗೆ ಉಳಿಯುತ್ತವೆ, ಮೈಕ್ರೋವೇವಿನಲ್ಲಿಟ್ಟರೆ ಚರ್ಮದಂತಾಗುತ್ತವೆ. ಮೂರನೆಯ ದಿನ ಗಟ್ಟಿಯಾದವನ್ನು ಬಿಸಾಡದೆ ತ್ರಿಕೋನವಾಗಿ ಕತ್ತರಿಸಿ, ಕರಿದು, ಕುದಿಯುವ ಹಸಿರು ಸಾಲ್ಸಾದಲ್ಲಿ ಒಂದು ನಿಮಿಷ ಮುಳುಗಿಸಿ ತೆಗೆದು ಮೇಲೆ ಮೊಸರಿನ ಕೆನೆಯನ್ನೂ ಈರುಳ್ಳಿಯನ್ನೂ ಹಾಕಿದರೆ ಚಿಲಾಕೀಲೆಸ್ ಆಯಿತು, ಮೆಕ್ಸಿಕೋದ ಮನೆಗಳಲ್ಲಿ ಉಳಿದ ರೊಟ್ಟಿಗೆ ಬೆಳಗಿನ ತಿಂಡಿಯಾಗಿ ಮಾಡುವುದು ಅದನ್ನೇ.